ಪೋಲೆಂಡಿನ ಆಲ್ಬಮ್ಮು, ಮೈಸೂರಿನ ಕೈ

ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಮೊದಲ ವರ್ಷ ನಾನು ಮೋರ್ಲಿಯ ದೊಡ್ಡ ಶಾಪಿಂಗ್ ಸೆಂಟರಿನ ಅಂಗಡಿಯೊಂದರಲ್ಲಿ ದಿಂಬು, ಹೊದಿಕೆ, ಬೆಡ್‌ಶೀಟು ಮಾರುತ್ತಿದ್ದೆ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಟೆಸ್ಟಿಂಗ್ ಎಂಜಿನಿಯರ್ ಆಗಿದ್ದವಳು ನಾನು. ಗಂಡನಿಗೆ ಗಣಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಇಬ್ಬರೂ ಬಂದೆವು. ಅವರು ಎರಡು ವಾರ ಉತ್ತರದ ಕೆಂಪು ಮಣ್ಣಿನ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ನನಗೆ ಮಾತ್ರ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ?" ಇರಲಿಲ್ಲ. ಆದ್ದರಿಂದ ದಿಂಬು. ಇದನ್ನು ಬೇಸರದಿಂದ ಹೇಳುತ್ತಿಲ್ಲ. ಆ ಅಂಗಡಿಗೆ ಸೇರದಿದ್ದರೆ ಅವಳು ನನಗೆ ಸಿಗುತ್ತಲೇ ಇರಲಿಲ್ಲ.

ಅವಳು ಪಕ್ಕದ ವಿಭಾಗದಲ್ಲಿ ಪರದೆ ಬಟ್ಟೆ ಮಾರುತ್ತಿದ್ದಳು. ಪೋಲೆಂಡಿನವಳು. ನನಗಿಂತ ಏಳೆಂಟು ವರ್ಷ ದೊಡ್ಡವಳು, ಬಾಗಿಲ ಮೇಲಿನ ಚೌಕಟ್ಟು ತಾಗುವಷ್ಟು ಎತ್ತರ, ಕತ್ತಿನವರೆಗೆ ಕತ್ತರಿಸಿದ ಕೂದಲು, ಬಲಗೈ ಮಣಿಕಟ್ಟಿಗೆ ಸದಾ ಒಂದು ಕಪ್ಪು ಪಟ್ಟಿ. ಗಿರಾಕಿಗಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಊಟದ ಕೋಣೆಯಲ್ಲಿ ನನ್ನ ಡಬ್ಬಿಯ ಮೊಸರನ್ನವನ್ನು ನೋಡಿ ಒಂದು ದಿನ, "ನಮ್ಮಲ್ಲೂ ಬೇಸಿಗೆಗೆ ಹುಳಿ ಹಾಲಿನ ಸಾರು ಮಾಡುತ್ತಾರೆ," ಎಂದಳು. ಅಲ್ಲಿಂದ ಸ್ನೇಹ. ನಮ್ಮ ಮನೆ ಅವಳ ದಾರಿಯಲ್ಲೇ ಇದ್ದದ್ದರಿಂದ ಕೆಲಸ ಮುಗಿದ ಮೇಲೆ ಕಾರಿನಲ್ಲಿ ಬಿಡತೊಡಗಿದಳು. ಇಬ್ಬರದೂ ಅವರವರ ಊರಿನ ಇಂಗ್ಲಿಷು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಒಂದು ಸಂಜೆ, ಉರಿಬಿಸಿಲು ಇನ್ನೂ ಇಳಿದಿರಲಿಲ್ಲ, ಅವಳು ಕಾರಿನ ಕೀಲಿ ತಿರುಗಿಸಿದ್ದೇ ತಡ ಒಳಗಿನಿಂದ ಭಯಂಕರ ಸದ್ದು ಸ್ಫೋಟಿಸಿತು. ಬೆಳಿಗ್ಗೆ ಹಾಕಿದ್ದ ಸಿಡಿಯನ್ನು ತೆಗೆಯಲು ಮರೆತಿದ್ದಳು. ಗಾಬರಿಯಿಂದ ಗುಂಡಿ ಒತ್ತಲು ಹೋದಳು.

"ಸಾರಿ, ಸಾರಿ! ಇದು ನಿನಗಲ್ಲ."

"ಯಾಕೆ? ಇರಲಿ ಬಿಡು," ಎಂದೆ. ಸೌಜನ್ಯಕ್ಕೆ ಹೇಳಿದ್ದಷ್ಟೆ. ನಿಜ ಹೇಳಬೇಕೆಂದರೆ, ಮಿಕ್ಸಿಗೆ ಜಲ್ಲಿಕಲ್ಲು ಹಾಕಿ ತಿರುಗಿಸಿದ ಹಾಗಿತ್ತು. ಗಿಟಾರುಗಳೆಲ್ಲ ಒಂದೇ ಗುಂಯ್‌ಗುಡುವ ಮೋಡ. ಅದರೊಳಗಿಂದ ಯಾರೋ ಗಂಟಲು ಹರಿದುಕೊಳ್ಳುತ್ತಿದ್ದರು. ಇದನ್ನು ಬ್ಲ್ಯಾಕ್ ಮೆಟಲ್ ಎನ್ನುತ್ತಾರೆ, ತನ್ನೂರಿನ ಒಂದು ಬ್ಯಾಂಡು ತೊಂಬತ್ತರ ದಶಕದಲ್ಲಿ ಮಾಡಿದ ಒಂದೇ ಒಂದು ಆಲ್ಬಮ್ಮು, ಎರಡು ವರ್ಷದೊಳಗೆ ಬ್ಯಾಂಡೇ ಮುಗಿದುಹೋಯಿತು ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಮೂರನೆಯ ಹಾಡು ಶುರುವಾಯಿತು. ನನಗೆ ಗೊತ್ತಿಲ್ಲದೆಯೇ ನನ್ನ ಕೈ ತೊಡೆಯ ಮೇಲೆ ಆಡತೊಡಗಿತು.

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿ ಹೇಳಬೇಕು. ಮೈಸೂರಿನಲ್ಲಿ ನಮ್ಮ ಸೋದರಮಾವ ಮೃದಂಗ ನುಡಿಸುತ್ತಿದ್ದರು. ಅವರ ಗಂಡುಮಕ್ಕಳಿಬ್ಬರಿಗೂ ಅದು ಬೇಡವಾಗಿತ್ತು. ನಾನು ಬಾಗಿಲ ಬಳಿ ಕೂತು ತಾಳ ಹಾಕುವುದನ್ನು ನೋಡಿ, "ಬಾ ಪುಟ್ಟಿ, ನೀನೇ ಕೂತ್ಕೋ," ಎಂದು ಕೂರಿಸಿದರು. ಕಾಲೇಜು ಮುಗಿಯುವವರೆಗೆ ಕಲಿತೆ. ರಾಮನವಮಿಯ ಚಪ್ಪರಗಳಲ್ಲಿ ಒಂದಷ್ಟು ಕಛೇರಿಗಳಿಗೆ ಪಕ್ಕವಾದ್ಯಕ್ಕೂ ಕೂತೆ. ಒಮ್ಮೆ ಒಬ್ಬ ಗಾಯಕರು ವೇದಿಕೆ ಹತ್ತುವ ಮುಂಚೆ ನನ್ನನ್ನು ನೋಡಿ, "ಹೆಣ್ಮಕ್ಕಳ ಪಕ್ಕವಾದ್ಯ ನಂಗೆ ಒಗ್ಗಲ್ಲ," ಎಂದರು. ಮಾವ ಅವರ ಜೊತೆ ಜಗಳವಾಡಲಿಲ್ಲ. ನನ್ನ ಮೃದಂಗವನ್ನು ಎತ್ತಿಕೊಂಡರು, ನನ್ನ ಕೈ ಹಿಡಿದುಕೊಂಡರು, ಆಟೋದಲ್ಲಿ ಮನೆಗೆ ಬಂದೆವು. ಆಮೇಲೆ ಮದುವೆ, ಬೆಂಗಳೂರು, ಕೆಲಸ. ಮೃದಂಗ ಅಮ್ಮನ ಮನೆಯ ಅಟ್ಟ ಸೇರಿತು. ಕೈ ಮಾತ್ರ ಮರೆತಿರಲಿಲ್ಲ.

ಕಾರು ಸಿಗ್ನಲ್ಲಿನಲ್ಲಿ ನಿಂತಿತು. ನಾನು ಹೇಳಿದೆ: "ಈ ಡ್ರಮ್ಮರ್ ಬುದ್ಧಿವಂತ. ಗಿಟಾರಿನವರು ನಾಲ್ಕರಲ್ಲಿ ಹೋಗುತ್ತಿದ್ದಾರೆ. ಇವನೊಬ್ಬ ಏಳರಲ್ಲಿದ್ದಾನೆ. ಮೂರು, ನಾಲ್ಕು, ಮೂರು, ನಾಲ್ಕು. ಎಲ್ಲಿಯೋ ತಪ್ಪಿಹೋದ ಅಂದುಕೊಳ್ಳುತ್ತಿರುವಾಗಲೇ ಸರಿಯಾಗಿ ಬಂದು ಸೇರಿಕೊಳ್ಳುತ್ತಾನೆ. ಇದನ್ನು ನಮ್ಮಲ್ಲಿ ಮಿಶ್ರಛಾಪು ಎನ್ನುತ್ತಾರೆ."

ಅವಳು ನನ್ನ ಕಡೆ ತಿರುಗಿದಳು. ಹಸಿರು ದೀಪ ಬಂದಿತ್ತು. ಹಿಂದಿನವನು ಹಾರ್ನ್ ಬಾರಿಸಿದ. ಅವಳು ಕಾರನ್ನು ಮುಂದಿನ ಸರ್ವೋಗೆ, ಅಂದರೆ ಪೆಟ್ರೋಲ್ ಬಂಕಿಗೆ, ತಿರುಗಿಸಿ, ಪೆಟ್ರೋಲು ಹಾಕುವ ಜಾಗ ದಾಟಿ, ಗಾಳಿ ತುಂಬಿಸುವ ಪಂಪಿನ ಪಕ್ಕ ನಿಲ್ಲಿಸಿದಳು.

"ಇನ್ನೊಂದು ಸಲ ಹೇಳು."

ಹೇಳಿದೆ. ತೊಡೆಯ ಮೇಲೆ ಬಾರಿಸಿಯೂ ತೋರಿಸಿದೆ.

"ಇಷ್ಟು ವರ್ಷದಲ್ಲಿ ಇದನ್ನು ಒಬ್ಬರೂ ಹಿಡಿದಿಲ್ಲ," ಎಂದಳು. "ನಮ್ಮ ಗಿಟಾರಿಸ್ಟ್ ಕೂಡ ಅದನ್ನು ಹಾಳು ಡ್ರಮ್ಮಿಂಗ್ ಅಂತಲೇ ತಿಳಿದಿದ್ದ. ಆಮೇಲೆ ಒಪ್ಪಿಕೊಂಡ."

"ನಮ್ಮ ಗಿಟಾರಿಸ್ಟ್ ಅಂದರೆ? ಡ್ರಮ್ ಬಾರಿಸಿದ್ದು ಯಾರು?"

"ನಾನು."

ಪರದೆ ಬಟ್ಟೆಯನ್ನು ಅಳೆದು ಮಡಿಸಿಡುವ ಆ ಕೈಗಳನ್ನು ನಾನು ಬಹಳ ಹೊತ್ತು ನೋಡಿದೆ.

ಅಂದು ಸರ್ವೋದ ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತ ಎಲ್ಲ ಹೇಳಿದಳು. ಕಲ್ಲಿದ್ದಲ ಗಣಿಗಳ ಊರು. ಅವಳಿಗೆ ಆಗ ಹತ್ತೊಂಬತ್ತು. ಅಣ್ಣನ ಡ್ರಮ್ ಸೆಟ್ಟನ್ನು ಅವನಿಲ್ಲದಾಗ ಬಾರಿಸಿ ಬಾರಿಸಿ ಅವನಿಗಿಂತ ಮುಂದೆ ಹೋದಳು. ಮೂವರು ಹುಡುಗರು, ಇವಳೊಬ್ಬಳು. ಒಂದು ಹಳೆ ಬೇಕರಿಯ ನೆಲಮಾಳಿಗೆಯಲ್ಲಿ, ಚಳಿಗಾಲದಲ್ಲಿ, ಕೈಗವಸಿನ ಬೆರಳುಗಳನ್ನು ಕತ್ತರಿಸಿ ಹಾಕಿಕೊಂಡು ರೆಕಾರ್ಡ್ ಮಾಡಿದ ಆಲ್ಬಮ್ಮು ಅದು. ಮೇಲೆ ಇನ್ನೂ ಬ್ರೆಡ್ ಸುಡುತ್ತಿದ್ದರು. ಒಲೆಯ ಕೆಳಗಿನ ಮೂಲೆ ಸ್ವಲ್ಪ ಬೆಚ್ಚಗಿತ್ತು, ಅಲ್ಲಿ ಕೂರಲು ನಾಲ್ವರೂ ಸರದಿ ಹಾಕಿಕೊಂಡಿದ್ದರು. ಮೊದಲು ಕ್ಯಾಸೆಟ್ಟಾಗಿ ಬಂತು. ಆ ಪಂಥದಲ್ಲಿ ಎಲ್ಲರೂ ಸುಳ್ಳು ಹೆಸರು ಇಟ್ಟುಕೊಳ್ಳುತ್ತಾರಂತೆ. ಹುಡುಗರು ಇವಳಿಗೊಂದು ಗಂಡು ಪಿಶಾಚಿಯ ಹೆಸರನ್ನು ಅಚ್ಚು ಹಾಕಿಸಿದರು. ಮುಖಕ್ಕೆಲ್ಲ ಬಿಳಿ ಕಪ್ಪು ಬಣ್ಣ ಬಳಿದ ಫೋಟೋದಲ್ಲಿ ಹೆಣ್ಣೋ ಗಂಡೋ ತಿಳಿಯುತ್ತಿರಲಿಲ್ಲ. ಬ್ಯಾಂಡು ಒಡೆದುಹೋಯಿತು. ಹತ್ತು ವರ್ಷದ ನಂತರ ಯಾವ್ಯಾವುದೋ ದೇಶದವರು ಆ ಆಲ್ಬಮ್ಮನ್ನು ಹುಡುಕಿ ಹುಡುಕಿ ಕೇಳತೊಡಗಿದರು. ಡ್ರಮ್ ಬಾರಿಸಿದ ಆ ಗಂಡಸು ಯಾರು ಎಂದು ಇಂಟರ್ನೆಟ್ಟಿನಲ್ಲಿ ಜಗಳವಾಡಿದರು. ಸತ್ತೇಹೋದ ಎಂದು ಯಾರೋ ಬರೆದರು.

"ನೀನು ಉತ್ತರ ಬರೆಯಲಿಲ್ವಾ?" ಎಂದು ಕೇಳಿದೆ.

"ಬರೆದೆ. ಯಾರೂ ನಂಬಲಿಲ್ಲ."

ಮುಂದಿನ ಭಾನುವಾರ ಅವಳ ಮನೆಗೆ ಹೋದೆ. ಗ್ಯಾರೇಜಿನಲ್ಲಿ ಹಳೆಯ ಪರದೆ ಬಟ್ಟೆ ಹೊದಿಸಿದ ಡ್ರಮ್ ಸೆಟ್ಟಿತ್ತು. ಮಣಿಕಟ್ಟಿಗೆ ಸಂಧಿವಾತ ಬಂದ ಮೇಲೆ ಅವಳು ಎರಡು ನಿಮಿಷಕ್ಕಿಂತ ಹೆಚ್ಚು ಬಾರಿಸುವ ಹಾಗಿರಲಿಲ್ಲ. ಸ್ಟೂಲನ್ನು ನನ್ನ ಕಡೆ ತಳ್ಳಿ, "ಕೂತುಕೋ," ಎಂದಳು.

ಕೈ ಬೇಗ ಕಲಿತುಕೊಂಡಿತು. ಮೃದಂಗದಲ್ಲಿ ಬೆರಳು ಮಾಡುವ ಕೆಲಸವನ್ನು ಇಲ್ಲಿ ಕೋಲು ಮಾಡುತ್ತದೆ ಅಷ್ಟೆ. ಕಷ್ಟವಾದದ್ದು ಕಾಲು. ನಮ್ಮ ಸಂಗೀತದಲ್ಲಿ ಕಾಲಿಗೆ ಕೆಲಸವಿಲ್ಲ, ಮಡಚಿಟ್ಟುಕೊಂಡರೆ ಕಛೇರಿ ಮುಗಿದು ಜೋಮು ಹಿಡಿದಾಗಲೇ ಅದರ ನೆನಪು. ಇಲ್ಲಿಯೋ, ಎರಡು ಪೆಡಲುಗಳನ್ನು ಎರಡು ಕಾಲುಗಳೂ ಓಟದ ವೇಗದಲ್ಲಿ ತುಳಿಯುತ್ತಲೇ ಇರಬೇಕು. ಮೊದಲ ತಿಂಗಳು ಮೀನಖಂಡ ಹಿಡಿದುಕೊಂಡು ಮೆಟ್ಟಿಲಿಳಿಯಲಾಗದೆ ಒದ್ದಾಡಿದೆ. ಅಂಗಡಿಯಲ್ಲಿ ಗಿರಾಕಿಗೆ ದಿಂಬಿನ ಗುಣ ವರ್ಣಿಸುತ್ತಿರುವಾಗ ಕೌಂಟರಿನ ಕೆಳಗೆ ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಒಬ್ಬ ಅಜ್ಜಿ, "ಟಾಯ್ಲೆಟ್ಟಿಗೆ ಹೋಗಬೇಕಾದರೆ ಹೋಗಿ ಬಾಮ್ಮ, ನಾನು ಕಾಯ್ತೀನಿ," ಎಂದಳು.

ಗಂಡ ಗಣಿಯಿಂದ ಬಂದ ವಾರ ವಿಷಯ ಹೇಳಿ, ಸಿಡಿ ಹಾಕಿ ಕೇಳಿಸಿದೆ. ಅವರು ಹಳೆಯ ಚಿತ್ರಗೀತೆಗಳ ಮನುಷ್ಯ. ಒಂದು ಹಾಡು ಪೂರ್ತಿ ಕೇಳಿದರು.

"ಇದನ್ನ ನೀನು ಬಾರಿಸ್ತೀಯಾ?"

"ಬಾರಿಸ್ತೀನಿ. ಇನ್ನೂ ಪೂರ್ತಿ ಬರಲ್ಲ ರೀ."

"ನಂಗೇನೂ ಅರ್ಥ ಆಗ್ಲಿಲ್ಲ ಕಣೇ. ಆದ್ರೆ ನಿನ್ನ ಮುಖ ನೋಡಿದ್ರೆ ಗೊತ್ತಾಗತ್ತೆ, ಬಿಡ್ಬೇಡ."

ಎರಡು ವರ್ಷ ಭಾನುವಾರಗಳು ಹಾಗೆ ಹೋದವು. ಆಮೇಲೆ ಗಂಡನಿಗೆ ಅಡಿಲೇಡಿನ ಸ್ಯಾಲಿಸ್‌ಬರಿಯ ಕಾರ್ಖಾನೆಯೊಂದರಲ್ಲಿ ಮನೆ ಬಿಟ್ಟು ಅಲೆಯಬೇಕಿಲ್ಲದ ಕೆಲಸ ಸಿಕ್ಕಿತು. ಅಲ್ಲಿಗೆ ಹೋದ ಮೇಲೆ ನನಗೂ ಅದೇ ಕಡೆ, ನಾನು ಓದಿದ ಕೆಲಸವೇ, ಸರ್ಕಿಟ್ ಬೋರ್ಡುಗಳ ಪರೀಕ್ಷೆ. ಪರ್ತ್ ಬಿಡುವ ದಿನ ಗೆಳತಿ ಡ್ರಮ್ ಸೆಟ್ಟನ್ನು ಬಿಚ್ಚಿ, ಪ್ರತಿ ಭಾಗಕ್ಕೂ ಬಟ್ಟೆ ಸುತ್ತಿ ನಮ್ಮ ಸಾಮಾನಿನ ಲಾರಿಗೆ ಹಾಕಿಸಿದಳು. ನಾನು ಬೇಡವೆಂದೆ. "ಇಲ್ಲಿದ್ದರೆ ಜೇಡ ಗೂಡು ಕಟ್ಟುತ್ತದೆ. ಅಲ್ಲಿದ್ದರೆ ಸದ್ದು ಮಾಡುತ್ತದೆ," ಎಂದಳು. ಪಾಠ ವಿಡಿಯೋ ಕಾಲಿನಲ್ಲಿ ಮುಂದುವರಿಯಿತು. ನನ್ನ ಕಾಲು ಕಾಣುವಂತೆ ಫೋನನ್ನು ಪೆಡಲುಗಳ ಹತ್ತಿರ ನೆಲದ ಮೇಲೆ ಇಡಬೇಕಿತ್ತು. ನಾನು ತಪ್ಪು ಮಾಡಿದಾಗ ನೆಲದಿಂದ "ನೋ, ನೋ, ನೋ" ಎಂಬ ದನಿ ಬರುತ್ತಿತ್ತು.

ಸ್ಯಾಲಿಸ್‌ಬರಿಯ ಗ್ಯಾರೇಜಿನ ಗೋಡೆಗಳಿಗೆ ಗಂಡ ಹಳೆಯ ಹಾಸಿಗೆಗಳನ್ನು ಕಟ್ಟಿ, ಬಾಗಿಲಿಗೆ ಕಂಬಳಿ ತೂಗುಹಾಕಿದರು. ಆದರೂ ಸದ್ದು ಹೊರಗೆ ಹೋಗುತ್ತಿತ್ತು. ಒಂದು ಶನಿವಾರ ಪಕ್ಕದ ಮನೆಯವರು ಬಾರ್ಬಿಗೆ, ಅಂದರೆ ಹಿತ್ತಲಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುವ ಊಟಕ್ಕೆ, ಕರೆದಿದ್ದರು. ನಾವು ಸಸ್ಯಾಹಾರಿಗಳೆಂದು ನಮಗಾಗಿ ಜೋಳ, ಅಣಬೆ ಬೇರೆ ತಟ್ಟೆಯಲ್ಲಿ ಸುಟ್ಟಿದ್ದರು. ಆ ಮನೆಯ ಯಜಮಾನ, ನಿವೃತ್ತ ಮೆಕ್ಯಾನಿಕ್, ನನ್ನ ಗಂಡನ ಭುಜ ತಟ್ಟಿ, "ಡ್ರಮ್ಸ್ ಚೆನ್ನಾಗಿ ಬಾರಿಸ್ತೀಯಪ್ಪ, ಮೇಟ್!" ಎಂದರು.

ಗಂಡ ಇಕ್ಕಳ ಹಿಡಿದು ಜೋಳ ತಿರುಗಿಸುತ್ತಿದ್ದವರು ಅದನ್ನು ಕೆಳಗಿಟ್ಟು, ಎದೆ ಉಬ್ಬಿಸಿ, "ನಾನಲ್ಲ, ಅವಳು," ಎಂದು ನನ್ನನ್ನು ತೋರಿಸಿದರು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಸಿರು ಚೂಡಿದಾರ ತೊಟ್ಟು, ಕಾಗದದ ತಟ್ಟೆಯಲ್ಲಿ ಕೋಸಂಬರಿ ಹಿಡಿದುಕೊಂಡು ನಾನು ನಿಂತಿದ್ದೆ. ನನ್ನ ಗಂಡ ಪ್ರಮೋಷನ್ ಬಂದ ದಿನವೂ ಅಷ್ಟು ಬೀಗಿದ್ದನ್ನು ನಾನು ಕಂಡಿಲ್ಲ.

ಹೀಗಿರುವಾಗ ಒಂದು ದಿನ ಗೆಳತಿಯ ಕರೆ ಬಂತು. ಆ ಬ್ಯಾಂಡಿನ ಗಿಟಾರಿಸ್ಟ್ ಕೂಡ ಆಸ್ಟ್ರೇಲಿಯಾಕ್ಕೆ ಬಂದಿದ್ದಾನೆ, ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಲ್ಲಿ ಯಾವುದೋ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ ಎಂಬುದು ನನಗೆ ಗೊತ್ತಿತ್ತು. ಬ್ರಿಸ್ಬೇನಿನ ಕೆಲವು ತರುಣರು ಒಂದು ಸಣ್ಣ ಮೆಟಲ್ ಉತ್ಸವ ನಡೆಸುತ್ತಾರಂತೆ. ಆ ಹಳೆಯ ಆಲ್ಬಮ್ಮಿನವರು ಇಬ್ಬರು ಇದೇ ದೇಶದಲ್ಲಿದ್ದಾರೆಂದು ತಿಳಿದು ಬೆನ್ನು ಬಿದ್ದಿದ್ದಾರೆ. ಮೊದಲಿಂದ ಕೊನೆಯವರೆಗೆ ಇಡೀ ಆಲ್ಬಮ್ಮನ್ನು ನುಡಿಸಬೇಕು, ಒಂದೇ ಸಲ. ಹಾಡುವುದಕ್ಕೂ ಬೇಸ್ ಗಿಟಾರಿಗೂ ಅಲ್ಲಿನ ಒಂದು ಬ್ಯಾಂಡಿನ ಇಬ್ಬರು ಬರುತ್ತಾರೆ.

"ಡ್ರಮ್ಮಿಗೆ ಗಿಟಾರಿಸ್ಟ್ ಯಾರನ್ನೋ ನೋಡಿದ್ದಾನಂತೆ," ಎಂದಳು. "ನಾನು ಬೇಡ ಎಂದೆ. ನನ್ನ ಡ್ರಮ್ಮರ್ ಅಡಿಲೇಡಿನಲ್ಲಿದ್ದಾಳೆ ಎಂದೆ."

"ಅವರು ಒಪ್ಪಿದರಾ?"

"ಮೂರನೆಯ ಹಾಡು ಬಾರಿಸಿ ಕಳಿಸಲಿ ಅಂದಿದ್ದಾನೆ."

ಗಂಡ ಫೋನಿನಲ್ಲಿ ಚಿತ್ರೀಕರಿಸಿದರು. ಕಳಿಸಿದೆವು. ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ಊಟದ ಬಿಡುವಿನಲ್ಲಿ ಗಿಟಾರಿಸ್ಟನ ಒಂದು ಸಂದೇಶ ಬಂತು: "ಅವಳೇ ಬಾರಿಸಿದ್ದು ಎಂದುಕೊಂಡೆ. ಬಾ." ಕಾರ್ಖಾನೆಯ ಪಾರ್ಕಿಂಗ್‌ನಲ್ಲಿ ನಿಂತು ಆ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಆ ದಿನ ಮಧ್ಯಾಹ್ನ ಯಾವ ಬೋರ್ಡು ಪಾಸಾಯಿತು, ಯಾವುದು ಫೇಲಾಯಿತು ನನಗೆ ನೆನಪಿಲ್ಲ.

ಅದೇ ಹೊತ್ತಿಗೆ ಅಮ್ಮ ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದಳು. ಅಪ್ಪನಿಗೆ ವಿಮಾನವೆಂದರೆ ಆಗದು. ಅಮ್ಮನಿಗೆ ಅದೇ ಇಷ್ಟ. ಬಂದ ಎರಡನೆಯ ದಿನವೇ ಗ್ಯಾರೇಜಿಗೆ ಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ಕಿವಿಗೆ ಹತ್ತಿ. ಇಡೀ ಆಲ್ಬಮ್ಮನ್ನು ಬಾರಿಸಿ ಮುಗಿಸಿದಾಗ ನನ್ನ ಬೆವರು ಒರೆಸಲು ಟವೆಲ್ ಚಾಚಿದಳು.

"ಹಾಡು ಏನಂತ ಹೇಳತ್ತೆ?"

"ಚಳಿಗಾಲ ಅಮ್ಮ. ಜೌಗು ನೆಲ, ಗಣಿಯ ಹೊಗೆ. ಒಂದೆರಡು ಕಡೆ ದೇವರನ್ನ ಬೈತಾರೆ."

"ಬೈತಾರಾ?"

"ಹ್ಞೂಂ. ಜೋರಾಗೇ."

ಅಮ್ಮ ಬೆಳಿಗ್ಗೆ ದೇವರ ದೀಪ ಹಚ್ಚದೆ ಕಾಫಿ ಕುಡಿಯುವವಳಲ್ಲ.

"ನಮ್ಮ ದಾಸರು ಬೈದಿಲ್ವಾ? ನಿಂದಾಸ್ತುತಿ ಅಂತ ನಾವೇ ಹಾಡಲ್ವಾ? ದೇವರು ಇಲ್ಲ ಅಂದೋರು ಇಷ್ಟು ಜೋರಾಗಿ ಯಾಕೆ ಕೂಗ್ತಾರೆ? ಇದ್ದಾನೆ ಅಂತ್ಲೇ ಕೂಗೋದು," ಎಂದಳು. ಆಮೇಲೆ, "ನಿಮ್ಮ ಮಾವ ಕೇಳಿದ್ರೆ ಎಡಗೈ ಇನ್ನೂ ಗಟ್ಟಿಯಾಗ್ಬೇಕು ಅಂತಿದ್ದ," ಎಂದು ಸೇರಿಸಿದಳು. ಮಾವ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಅಮ್ಮ ಹೇಳಿದ್ದು ನಿಜ. ಮಾರನೆಯ ದಿನದಿಂದ ಎಡಗೈಯೊಂದನ್ನೇ ಸಾಧನೆ ಮಾಡಿದೆ.

ಉತ್ಸವದ ಹಿಂದಿನ ದಿನ ನಾವು ಮೂವರೂ ಬ್ರಿಸ್ಬೇನಿಗೆ ಹಾರಿ, ಇಪ್ಸ್‌ವಿಚ್‌ನಲ್ಲಿ ಗಿಟಾರಿಸ್ಟನ ಮನೆಗೆ ಹೋದೆವು. ಗೆಳತಿ ಪರ್ತ್‌ನಿಂದ ಆಗಲೇ ಬಂದಿದ್ದಳು. ನನ್ನನ್ನು ಅಪ್ಪಿಕೊಂಡವಳು ಕೆಳಗೆ ಬಗ್ಗಿ ಅಮ್ಮನನ್ನೂ ಅಪ್ಪಿಕೊಂಡಳು. ಅಮ್ಮ ಅವಳ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಗಿಟಾರಿಸ್ಟ್ ಬೋಳುತಲೆಯ, ದೊಡ್ಡ ಹೊಟ್ಟೆಯ, ನಾಚಿಕೆ ಸ್ವಭಾವದ ಮನುಷ್ಯ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಎಲ್ಲ ಸಿದ್ಧವಾಗಿತ್ತು. ಹಾಡುವ ಹುಡುಗನೂ ಬೇಸ್ ಹುಡುಗಿಯೂ ಗೆಳತಿಯನ್ನೇ ನೋಡುತ್ತ ನಿಂತರು. ಅವರು ಹುಟ್ಟುವ ಹೊತ್ತಿಗೆ ಮುಗಿದುಹೋಗಿದ್ದ ಬ್ಯಾಂಡು ಅದು. ಇದುವರೆಗೆ ಅವರಿಗೂ ಡ್ರಮ್ಮರ್ ಗಂಡಸೇ ಆಗಿದ್ದ.

ಗಿಟಾರಿಸ್ಟ್ ಅವರ ಮುಂದೆಯೇ ಹೇಳಿದ: "ಹೆಸರು ಬದಲಿಸಿದ್ದು ನನ್ನ ಯೋಚನೆ. ಹುಡುಗಿ ಬಾರಿಸಿದ್ದಾಳೆ ಅಂದರೆ ನಮ್ಮನ್ನು ಯಾರೂ ಹೆದರಿಕೆಯಿಂದ ನೋಡುವುದಿಲ್ಲ ಎಂದುಕೊಂಡಿದ್ದೆ. ಆ ನಾಲ್ವರಲ್ಲಿ ನಿಜಕ್ಕೂ ಹೆದರಿಕೆ ಹುಟ್ಟಿಸುತ್ತಿದ್ದವಳು ಇವಳೊಬ್ಬಳೇ." ಗೆಳತಿ ನಕ್ಕಳು. ಅವಳು ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಅಭ್ಯಾಸ ಚೆನ್ನಾಗಿಯೇ ನಡೆಯಿತು. ಮೂರನೆಯ ಹಾಡಿಗೆ ಬಂದಾಗ ಗೆಳತಿಗೆ ತಡೆಯಲಾಗಲಿಲ್ಲ. "ಇದೊಂದನ್ನು ನಾನು ಬಾರಿಸಿ ನೋಡುತ್ತೇನೆ," ಎಂದು ಸ್ಟೂಲಿನ ಮೇಲೆ ಕೂತಳು. ಅಬ್ಬ! ನಾನು ಐದು ವರ್ಷ ಕಲಿತದ್ದು ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು. ಕಾಲುಗಳು ಇನ್ನೂ ಹತ್ತೊಂಬತ್ತು ವರ್ಷದ ಹುಡುಗಿಯವೇ. ಎಡಗೈ ಚಾವಟಿಯಂತೆ ಬೀಳುತ್ತಿತ್ತು. ಆದರೆ ಅರ್ಧ ಹಾಡಿಗೆ ಬಲಗೈ ನಿಧಾನವಾಯಿತು. ಮುಖ ಬಿಳಿಚಿಕೊಂಡಿತು. ಕೋಲು ಜಾರಿ ನೆಲಕ್ಕೆ ಬಿತ್ತು. ಅವಳು ನಿಲ್ಲಿಸಲಿಲ್ಲ. ಕಾಲೂ ಎಡಗೈಯೂ ನಡೆದೇ ಇದ್ದವು. ಬಲಗಡೆಯ ದೊಡ್ಡ ಲೋಹದ ತಟ್ಟೆ, ಸಿಂಬಲ್, ಮಾತ್ರ ಸುಮ್ಮನಾಗಿತ್ತು. ನಾನು ಅವಳ ಬಲಕ್ಕೇ ನಿಂತಿದ್ದೆ, ಕೈಯಲ್ಲಿ ನನ್ನ ಕೋಲುಗಳಿದ್ದವು. ಯೋಚಿಸಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಆ ಸಿಂಬಲ್ಲನ್ನು ನಾನು ಬಾರಿಸತೊಡಗಿದೆ. ಅವಳು ತಲೆ ಎತ್ತಲೂ ಇಲ್ಲ. ಹಾಡು ಮುಗಿಯುವವರೆಗೆ ಅವಳ ಎರಡು ಕಾಲು, ಅವಳ ಎಡಗೈ, ನನ್ನ ಬಲಗೈ.

ಕೊನೆಯ ಏಟಿನ ನಂತರ ಗಿಟಾರಿಸ್ಟ್ ತನ್ನ ಭಾಷೆಯಲ್ಲಿ ಏನೋ ಅಂದ.

"ಏನಂತೆ?" ಎಂದು ಅಮ್ಮ ನನ್ನನ್ನು ಕೇಳಿದಳು. ನಾನು ಗೆಳತಿಯನ್ನು ಕೇಳಿದೆ.

"ನಾಳೆಯೂ ಹೀಗೇ, ಅನ್ನುತ್ತಾನೆ."

ಮಾರನೆಯ ದಿನ ನಮಗೆ ಕೊಟ್ಟದ್ದು ಆರ್ವೋ, ಅಂದರೆ ಮಧ್ಯಾಹ್ನದ ಸಮಯ. ಚಳಿಗಾಲವನ್ನೂ ಕತ್ತಲನ್ನೂ ಕುರಿತ ಹಾಡುಗಳು, ಬ್ರಿಸ್ಬೇನಿನ ಸುಡುಬಿಸಿಲು. ಒಂದು ಹಳೆಯ ಸಮುದಾಯ ಭವನ. ಎತ್ತರದ ಕಿಟಕಿಗಳಿಂದ ಬೆಳಕು ಕೋಲುಕೋಲಾಗಿ ಬೀಳುತ್ತಿತ್ತು. ವೇದಿಕೆಯ ಹಿಂದೆ ಹುಡುಗ, ಹುಡುಗಿ, ಗಿಟಾರಿಸ್ಟ್ ಮೂವರೂ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಕಣ್ಣ ಸುತ್ತ ಕಪ್ಪು ಹಚ್ಚುತ್ತಿದ್ದರು. ಗೆಳತಿ ಬೇಡವೆಂದಳು. "ನಾನು ಒಂದು ಸಲ ಬಣ್ಣದ ಹಿಂದೆ ಇದ್ದದ್ದು ಸಾಕು. ನೀನು ಬೇಕಾದರೆ ಹಚ್ಚಿಕೋ," ಎಂದಳು.

ನನಗೂ ಬಿಳಿ ಬಣ್ಣ ಬೇಡವೆನಿಸಿತು. ಆದರೆ ಅಮ್ಮ ಆಗಲೇ ಕೈಚೀಲದಿಂದ ಬೆಳ್ಳಿಯ ಕಾಡಿಗೆ ಡಬ್ಬಿ ತೆಗೆದಿದ್ದಳು. ಹರಳೆಣ್ಣೆ ದೀಪದ ಮಸಿಯಲ್ಲಿ ಅವಳೇ ಮಾಡಿದ್ದು.

"ಬಾ ಇಲ್ಲಿ. ಅವರು ಹಚ್ಕೊಂಡಿರೋದು ನೋಡು, ಬೆವರಿದ್ರೆ ಇಳಿದುಹೋಗತ್ತೆ. ಇದು ಇಳಿಯಲ್ಲ."

ಹೆಬ್ಬೆರಳಿನಿಂದ ನನ್ನ ಎರಡೂ ಕಣ್ಣ ಸುತ್ತ ದಪ್ಪವಾಗಿ ತೀಡಿದಳು. ಬೇಸ್ ಹುಡುಗಿ ಬಂದು ನೋಡಿ ತನಗೂ ಬೇಕೆಂದಳು. ಅವಳಾದ ಮೇಲೆ ಗಿಟಾರಿಸ್ಟ್. ಅರವತ್ತು ದಾಟಿದ ನನ್ನಮ್ಮ, ಒಂಬತ್ತು ಗಜದ ಸೀರೆಯ ಸೆರಗು ಸಿಕ್ಕಿಸಿಕೊಂಡು, ಪಿಶಾಚಿಯಂತೆ ಕಾಣಬೇಕಿದ್ದ ದಢೂತಿ ಗಂಡಸಿನ ಗಲ್ಲ ಹಿಡಿದು, "ಕಣ್ಣು ಮುಚ್ಚಪ್ಪ, ಅಲ್ಲಾಡ್ಬೇಡ," ಎನ್ನುತ್ತಿದ್ದಳು. ಅವನಿಗೆ ಭಾಷೆ ತಿಳಿಯದಿದ್ದರೂ ಕಣ್ಣು ಮುಚ್ಚಿದ.

ವೇದಿಕೆಗೆ ಹೋದೆವು. ಇನ್ನೂರು ಜನರಿದ್ದಿರಬಹುದು, ಎಲ್ಲ ಕಪ್ಪು ಟೀ ಶರ್ಟುಗಳು. ಮುಂದೆಯೇ ಪಕ್ಕಕ್ಕೆ ಅಮ್ಮನೂ ಗಂಡನೂ. ನನ್ನನ್ನು ಕಂಡು ಒಂದಿಷ್ಟು ಪಿಸುಮಾತು ಎದ್ದದ್ದು ಕೇಳಿಸಿತು. ಮೊದಲ ಹಾಡಿನ ಮೊದಲ ಏಟು ಬಿದ್ದ ಮೇಲೆ ನನಗೆ ಏನೂ ಕೇಳಿಸಲಿಲ್ಲ. ಕೈಗೆ ಗೊತ್ತಿತ್ತು, ಕಾಲಿಗೂ ಗೊತ್ತಿತ್ತು. ಎರಡನೆಯ ಹಾಡು ಮುಗಿಯುವಷ್ಟರಲ್ಲಿ ಮುಂದಿನ ಸಾಲಿನವರು ಕೂದಲು ಬಿಚ್ಚಿ ತಲೆ ಆಡಿಸುತ್ತಿದ್ದರು.

ಆಗ ಗಿಟಾರಿಸ್ಟ್ ಮೈಕಿನ ಬಳಿ ಹೋದ. ಹಾಡಿನ ನಡುವೆ ಮಾತಾಡುವುದು ಆ ಪದ್ಧತಿಯಲ್ಲಿಲ್ಲವಂತೆ.

"ಈ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದ್ದು ಯಾರೆಂದು ನೀವು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೀರಿ," ಎಂದ. ಅವಳ ಹೆಸರನ್ನು, ಅವಳ ಅಪ್ಪನ ಮನೆತನದ ಹೆಸರಿನ ಸಮೇತ, ಅವರ ಭಾಷೆಯ ಉಚ್ಚಾರದಲ್ಲೇ ಹೇಳಿದ. "ಅವಳು ಇಲ್ಲಿದ್ದಾಳೆ."

ಗೆಳತಿ ಪಕ್ಕದಿಂದ ನಡೆದುಬಂದಳು. ಬಣ್ಣವಿಲ್ಲದ ಮುಖ, ಬಿಳಿಕೂದಲು ಬೆರೆತ ತಲೆ, ಮಣಿಕಟ್ಟಿನ ಪಟ್ಟಿ. ಭವನದಲ್ಲಿ ಎದ್ದ ಕೂಗಿಗೆ ಕಿಟಕಿಯ ಗಾಜುಗಳು ಅದುರಿದವೇನೋ. ನಾನು ಸ್ಟೂಲು ಬಿಟ್ಟು ಎದ್ದೆ. ಅವಳು ಕೂತಳು. ನಾನು ಅವಳ ಬಲಕ್ಕೆ ನಿಂತೆ. ಅವಳು ನನ್ನನ್ನು ನೋಡಿ ಹುಬ್ಬೇರಿಸಿದಳು. ಶುರು ಮಾಡಿದೆವು.

ಅದು ಹೇಗಿತ್ತು ಎಂದು ವಿವರಿಸಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಪಕ್ಕವಾದ್ಯಕ್ಕೆ ಕೂತವರಿಗೆ ಗೊತ್ತಿರುತ್ತದೆ: ಮುಖ್ಯ ಗಾಯಕರ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಎಂದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಅಂದು ಹಾಗೆ ಆಯಿತು. ಅವಳ ಭುಜ ಏಳುವ ಮೊದಲೇ ನನ್ನ ಕೈ ಎದ್ದಿರುತ್ತಿತ್ತು. ಗಿಟಾರುಗಳು ಅವುಗಳ ನಾಲ್ಕರಲ್ಲಿ, ನಾವಿಬ್ಬರೂ ನಮ್ಮ ಏಳರಲ್ಲಿ. ಸೇರಬೇಕಾದ ಜಾಗದಲ್ಲಿ ಎಲ್ಲರೂ ಒಟ್ಟಿಗೆ ಬಂದು ಬಿದ್ದಾಗ ನಾನು ಕೂಗಿಬಿಟ್ಟೆ. ಏನು ಕೂಗಿದೆನೋ ತಿಳಿಯದು. "ಭಲೇ" ಅಂತ ಕೂಗಿದೆ ಎಂದು ಗಂಡ ಈಗಲೂ ರೇಗಿಸುತ್ತಾರೆ.

ಉಳಿದ ಹಾಡುಗಳನ್ನು ನಾನೇ ಬಾರಿಸಿದೆ. ಗೆಳತಿ ಕೆಳಗಿಳಿಯಲಿಲ್ಲ. ನನ್ನ ಹಿಂದೆಯೇ, ಎದೆಯ ಮೇಲೆ ಕೈಕಟ್ಟಿಕೊಂಡು ಕೊನೆಯವರೆಗೂ ನಿಂತಿದ್ದಳು. ಮುಗಿದ ಮೇಲೆ ಜನ ಹಳೆಯ ಕ್ಯಾಸೆಟ್ಟುಗಳನ್ನು ಹಿಡಿದು ಅವಳ ಸುತ್ತ ಮುತ್ತಿಕೊಂಡರು. ಅಚ್ಚಾಗಿದ್ದ ಆ ಪಿಶಾಚಿಯ ಹೆಸರಿನ ಪಕ್ಕದಲ್ಲಿ ಅವಳು ಎಡಗೈಯಲ್ಲಿ ನಿಧಾನವಾಗಿ ತನ್ನ ಪೂರ್ತಿ ಹೆಸರನ್ನು ಬರೆದುಕೊಟ್ಟಳು. ಒಬ್ಬ ಗಡ್ಡದವನು ಅಳುತ್ತಿದ್ದ. ತಾನು ವರ್ಷಗಟ್ಟಲೆ ಇಂಟರ್ನೆಟ್ಟಿನಲ್ಲಿ ಅದು ಗಂಡಸೇ ಎಂದು ವಾದಿಸಿದವನು ಎಂದ. ಅವಳು ಅವನ ಕೆನ್ನೆ ತಟ್ಟಿ, "ಈಗಲಾದರೂ ಗೊತ್ತಾಯಿತಲ್ಲ," ಎಂದು ಮುಂದಿನವರ ಕ್ಯಾಸೆಟ್ಟಿಗೆ ಕೈಚಾಚಿದಳು. ನನ್ನ ಬಳಿಗೂ ಇಬ್ಬರು ಹುಡುಗಿಯರು ಬಂದು ಎಲ್ಲಿ ಕಲಿತಿರಿ ಎಂದು ಕೇಳಿದರು. "ಮೈಸೂರಿನಲ್ಲಿ ಮತ್ತು ಮೋರ್ಲಿಯಲ್ಲಿ," ಎಂದೆ. ಆ ಉತ್ತರ ಕೊಟ್ಟಾಗ ನನಗಾದ ಹೆಮ್ಮೆ, ಯಾವ ಡಿಗ್ರಿ ತೆಗೆದುಕೊಂಡಾಗಲೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಇಪ್ಸ್‌ವಿಚ್‌ನ ಆ ಮನೆಯ ಹಿತ್ತಲಲ್ಲಿ ಎಲ್ಲರೂ ಕೂತಿದ್ದೆವು. ಅಮ್ಮ ಉಪ್ಪಿಟ್ಟು ಮಾಡಿದ್ದಳು. ಗಿಟಾರಿಸ್ಟ್ ಮೂರನೆಯ ಸಲ ಹಾಕಿಸಿಕೊಳ್ಳುತ್ತಿದ್ದ. ಗೆಳತಿ ಮಣಿಕಟ್ಟಿಗೆ ಐಸಿನ ಚೀಲ ಒತ್ತಿಕೊಂಡು ಬಿಸಿಲಿಗೆ ಕಾಲು ಚಾಚಿದ್ದಳು. ಪರ್ತ್‌ಗೆ ಹೋದ ಮೇಲೆ ಶನಿವಾರಗಳಂದು ಹೆಣ್ಣುಮಕ್ಕಳಿಗೆ ಡ್ರಮ್ ಪಾಠ ಶುರುಮಾಡುತ್ತೇನೆ, ಹೊಸ ಸೆಟ್ಟೊಂದನ್ನು ನೋಡಬೇಕು ಎನ್ನುತ್ತಿದ್ದಳು. ಅಮ್ಮ ಮೈಸೂರಿನ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಹಚ್ಚಿ, ಸ್ಪೀಕರಿನಲ್ಲಿಟ್ಟು, ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದಳು.

"ನಮ್ಮ ಹುಡುಗಿ ನಿನ್ನೆ ಬ್ರಿಸ್ಬೇನಲ್ಲಿ ಕಛೇರಿ ಕೊಟ್ಲು ಕಣೇ!"

"ಹೌದಾ ಅಕ್ಕಾ? ಯಾರ ಹಾಡುಗಾರಿಕೆ?"

"ಪೋಲೆಂಡಿನವರದ್ದು. ತುಂಬ ದೊಡ್ಡ ವಿದ್ವಾಂಸರು. ಒಬ್ಬಳಂತೂ, ನಮ್ಮ ಹುಡುಗಿಯ ಗುರು, ಕೈ ನೋವಲ್ಲೂ ಬಂದು ಕೂತು ನುಡಿಸಿದ್ಲು. ನೀನು ಇರ್ಬೇಕಿತ್ತು."

"ಜನ ಚೆನ್ನಾಗಿ ಬಂದಿದ್ರಾ?"

"ಬಂದಿದ್ರು. ಒಬ್ಬರೂ ಮಧ್ಯೆ ಎದ್ದು ಹೋಗ್ಲಿಲ್ಲ," ಎಂದಳು ಅಮ್ಮ. ಆಮೇಲೆ ಫೋನನ್ನು ಗೆಳತಿಯ ಕಡೆ ತಿರುಗಿಸಿ, ಇವಳೇ ನೋಡು ಎಂದು ತೋರಿಸಿದಳು. ಗೆಳತಿ ಐಸಿನ ಚೀಲ ಹಿಡಿದ ಕೈಯನ್ನೇ ಎತ್ತಿ ಆಡಿಸಿದಳು.